ಸೊಸೈಟಿಯ ಈಜುಕೊಳಕ್ಕೆ ಲಿಕ್ವಿಡ್ ಕ್ಲೋರಿನ್: ಮಗ್ಗಿನ ಲೆಕ್ಕ ಬಿಟ್ಟು ಅಳತೆಯ ಲೆಕ್ಕಕ್ಕೆ

ಪುಣೆಯ ವಾಕಡ, ಬಾಣೇರ, ಹಿಂಜವಡಿ ಕಡೆಯ ಹೌಸಿಂಗ್ ಸೊಸೈಟಿಗಳಲ್ಲಿ ಈಜುಕೊಳದ ಕೆಲಸ ಒಬ್ಬ ಪೂಲ್ ಆಪರೇಟರನ ಮೇಲೆ ಬೀಳುತ್ತದೆ, ಅವನ ಕೆಲಸದ ಮೇಲೆ ಕಣ್ಣಿಡುವ ಹೊಣೆ ಕಮಿಟಿಯ ಯಾರಾದರೊಬ್ಬ ಸದಸ್ಯರ ಮೇಲೆ ಬೀಳುತ್ತದೆ. ನಮ್ಮ ಸೊಸೈಟಿಯಲ್ಲಿ ಆ ಸದಸ್ಯ ನಾನು. ಆಪರೇಟರು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹುಡುಗ. ಮೊದಲ ದಿನ ಪಂಪ್ ರೂಮಿಗೆ ಹೋಗಿ, ದಿನಕ್ಕೆ ಎಷ್ಟು ಕ್ಲೋರಿನ್ ಹಾಕುತ್ತೀಯಪ್ಪಾ ಎಂದು ಕೇಳಿದಾಗ ಅವನು, "ನಾಕು ಮಗ್ ಹಾಕತೇನ್ರಿ ಸರ, ಮಂದಿ ಭಾಳ ಬಂದ್ರ ಐದು" ಎಂದ. ಆ ಮಗ್ಗು ಎಷ್ಟು ಹಿಡಿಯುತ್ತದೆ, ಕ್ಯಾನಿನೊಳಗಿನ ದ್ರವದ ಬಲವೆಷ್ಟು, ಕೊಳದಲ್ಲಿ ನೀರೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅವನಲ್ಲಿಯೂ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಆ ಮೂರು ಉತ್ತರಗಳನ್ನು ಕಂಡುಕೊಂಡ ಬಗೆಯನ್ನೂ ಅವುಗಳನ್ನು ದಿನನಿತ್ಯದ ಕೆಲಸದಲ್ಲಿ ಬಳಸುವ ಕ್ರಮವನ್ನೂ ಇಲ್ಲಿ ಬರೆದಿದ್ದೇನೆ.

ಅಂಗಡಿಯಲ್ಲಿ ಲಿಕ್ವಿಡ್ ಕ್ಲೋರಿನ್ ಅಥವಾ ಬರೀ "ಹೈಪೋ" ಎಂದು ಕೇಳಿದರೆ ಕೊಡುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ತಿಳಿ ಹಳದಿ-ಹಸಿರು ಬಣ್ಣದ ಈ ದ್ರವ ಸಾಮಾನ್ಯವಾಗಿ 10ರಿಂದ 12 ಪ್ರತಿಶತ ಬಲದ್ದೆಂದು ಮಾರಾಟವಾಗುತ್ತದೆ. ಬಟ್ಟೆಗೆ ಬಳಸುವ ಮನೆಯ ಬ್ಲೀಚ್ ಕೂಡ ಇದೇ, ಆದರೆ ಅದರ ಬಲ ಇದರ ಅರ್ಧದಷ್ಟೂ ಇರುವುದಿಲ್ಲ. ದೊಡ್ಡ ನೀರು ಶುದ್ಧೀಕರಣ ಘಟಕಗಳಿಗೆ ಉಕ್ಕಿನ ಸಿಲಿಂಡರುಗಳಲ್ಲಿ ಹೋಗುವ, ಒತ್ತಡದಿಂದ ದ್ರವರೂಪಕ್ಕೆ ತಂದ ಕ್ಲೋರಿನ್ ಅನಿಲಕ್ಕೂ ಇದೇ ಹೆಸರಿದೆಯಾದರೂ ಅದು ಬೇರೆಯೇ ವಸ್ತು, ಸೊಸೈಟಿಯ ಅಂಗಳಕ್ಕೆ ಬರಬಾರದ ವಸ್ತು.

ಪುಡಿ, ಮಾತ್ರೆಗಳು ಸಿಗುವಾಗ ಈ ಭಾರದ ಕ್ಯಾನುಗಳನ್ನೇಕೆ ಹೊರಬೇಕು ಎಂಬ ಪ್ರಶ್ನೆ ಪ್ರತಿ ವಾರ್ಷಿಕ ಸಭೆಯಲ್ಲಿಯೂ ಏಳುತ್ತದೆ. ನನ್ನ ಉತ್ತರ ಪುಣೆಯ ನೀರಿನಲ್ಲಿಯೇ ಇದೆ. ಬ್ಲೀಚಿಂಗ್ ಪೌಡರ್ ಸುಣ್ಣದಿಂದ ತಯಾರಾಗುವಂಥದ್ದು, ಹಾಕಿದಷ್ಟೂ ನೀರಿಗೆ ಕ್ಯಾಲ್ಸಿಯಂ ಸೇರುತ್ತ ಹೋಗುತ್ತದೆ. ದಖ್ಖನ್ನಿನ ಕಪ್ಪುಕಲ್ಲಿನೊಳಗಿಂದ ಬರುವ ಬೋರ್‌ವೆಲ್ ನೀರು ಮತ್ತು ಟ್ಯಾಂಕರಿನ ನೀರು ಮೊದಲೇ ಗಡಸಾಗಿರುವುದರಿಂದ ಟೈಲ್ಸಿನ ಮೇಲೆ ಬಿಳಿಯ ಪೊರೆ ಕಟ್ಟಲು ಹೆಚ್ಚು ದಿನ ಬೇಕಾಗುವುದಿಲ್ಲ. ಟಿಸಿಸಿಎ ಎಂಬ ಮಾತ್ರೆ ಅಥವಾ ಪುಡಿಯ ತೊಂದರೆ ಇನ್ನೊಂದು ಬಗೆಯದು. ಅದು ಪ್ರತಿ 10 ಪಿಪಿಎಂ (ಲೀಟರ್ ನೀರಿಗೆ ಇಷ್ಟು ಮಿಲಿಗ್ರಾಂ ಎಂಬ ಅಳತೆ) ಕ್ಲೋರಿನ್ನಿನ ಜೊತೆಗೆ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನು ನೀರಿನಲ್ಲಿ ಬಿಡುತ್ತದೆ, ಕ್ಲೋರಿನ್ ಖರ್ಚಾದರೂ ಈ ಆಮ್ಲ ಉಳಿದುಕೊಂಡು ತಿಂಗಳಿಂದ ತಿಂಗಳಿಗೆ ಏರುತ್ತದೆ, ಮತ್ತು ಏರಿದಷ್ಟೂ ಕ್ಲೋರಿನ್ನಿನ ಕೆಲಸ ನಿಧಾನವಾಗುತ್ತದೆ. ಅದನ್ನು ಇಳಿಸಬೇಕೆಂದರೆ ಕೊಳದ ನೀರನ್ನೇ ಹೊರಹಾಕಿ ಹೊಸ ನೀರು ತುಂಬಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಅಡುಗೆಮನೆಯ ನೀರಿಗೇ ಟ್ಯಾಂಕರು ಕಾಯುವ ಸೊಸೈಟಿಗೆ ಇದು ಸಾಧ್ಯವಿರುವ ಮಾತಲ್ಲ. ಹೈಪೋ ಈ ಎರಡನ್ನೂ ಬಿಡದೆ, ತುಸು ಉಪ್ಪನ್ನು ಮಾತ್ರ ಬಿಟ್ಟು ಹೋಗುತ್ತದೆ. ಆದರೆ ಟಿಸಿಸಿಎಗೆ ಇಲ್ಲದ ಒಂದು ದೌರ್ಬಲ್ಯ ಅದಕ್ಕಿದೆ: ಅದು ಕ್ಯಾನಿನಲ್ಲಿ ಕುಳಿತಲ್ಲಿಯೇ ದಿನದಿನಕ್ಕೆ ಬಲ ಕಳೆದುಕೊಳ್ಳುತ್ತದೆ.

ಕ್ಯಾನಿನ ಬಲವನ್ನು ತಿಳಿಯುವುದು

ಹೈಪೋ ಬಿಸಿಲಿಗೂ ಶಾಖಕ್ಕೂ ಒಡೆಯುತ್ತದೆ, ಕಬ್ಬಿಣ ಮತ್ತು ತಾಮ್ರದ ಸೋಂಕು ತಗುಲಿದರೆ ಇನ್ನೂ ಬೇಗ ಒಡೆಯುತ್ತದೆ. ಹೆಚ್ಚು ಬಲದ ದ್ರಾವಣ ಕಡಿಮೆ ಬಲದ್ದಕ್ಕಿಂತ ವೇಗವಾಗಿ ಇಳಿಯುತ್ತದೆ ಎಂಬುದು ಮೊದಲ ಬಾರಿ ಕೇಳಿದವರಿಗೆ ವಿಚಿತ್ರವೆನಿಸಬಹುದು. 40 ಡಿಗ್ರಿಯ ಆಸುಪಾಸಿನ ಪುಣೆಯ ಬೇಸಿಗೆಯಲ್ಲಿ ತಗಡಿನ ಛಾವಣಿಯ ಗೋಡೌನಿನಲ್ಲಿಯೋ ತೆರೆದ ಟೆಂಪೋದಲ್ಲಿಯೋ ಕಳೆದ ಕ್ಯಾನಿನ ಚೀಟಿಯ ಮೇಲಿನ ಅಂಕಿ ಒಳಗಿನ ದ್ರವದ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಮೇ ತಿಂಗಳಲ್ಲಿ 12 ಪ್ರತಿಶತವೆಂದು ಬರೆದ ಕ್ಯಾನುಗಳು ನಮ್ಮಲ್ಲಿಗೆ ಬಂದವು, ಪರೀಕ್ಷಿಸಿದರೆ 6ಕ್ಕೂ ಏರಲಿಲ್ಲ. ಪೂರೈಕೆದಾರರು ಮೋಸ ಮಾಡಿದರೆಂದು ನಾನು ಹೇಳಲಾರೆ, ಬಿಸಿಲೇ ಮಾಡಿರಬಹುದು. ಆದರೆ ಆ ಹದಿನೈದು ದಿನ ನಾಲ್ಕು ಮಗ್ಗು ಹಾಕಿದ್ದೇವೆಂದು ನಂಬಿ ನಾವು ಎರಡು ಮಗ್ಗಿನ ಕೆಲಸವನ್ನಷ್ಟೇ ಮಾಡಿಸಿದ್ದೆವು, ಕೊಳದ ಮೂಲೆಗಳು ಹಸಿರಾಗತೊಡಗಿದ ಮೇಲಷ್ಟೇ ಅನುಮಾನ ಬಂತು.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಸೂಜಿ ತೆಗೆದ ಸಿರಿಂಜು, ಲೀಟರಿನ ಅಳತೆಯ ಜಗ್ಗು, ಬಾಟಲಿಯ ಕುಡಿಯುವ ನೀರು ಮತ್ತು ಕೊಳದ ನೀರಿನ ಕ್ಲೋರಿನ್ ಅಳೆಯಲು ಬಳಸುವ, ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಕಿಟ್ಟು ಸಾಕು. ಕೈಗವಸು ಹಾಕಿಕೊಂಡು 1 ಮಿಲಿಲೀಟರ್ ಹೈಪೋವನ್ನು 1 ಲೀಟರ್ ನೀರಿಗೆ ಬೆರೆಸಿ ಕಲಕಬೇಕು, ಆ ಮಿಶ್ರಣದಿಂದ 20 ಮಿಲಿಲೀಟರ್ ತೆಗೆದು ಒಟ್ಟು 1 ಲೀಟರ್ ಆಗುವಂತೆ ಬೇರೆ ಹೊಸ ನೀರಿನಲ್ಲಿ ಬೆರೆಸಬೇಕು, ಈ ಎರಡನೆಯ ನೀರನ್ನು ಕಿಟ್ಟಿನಲ್ಲಿ ನೋಡಬೇಕು. ಕಿಟ್ಟಿನ ಓದು (ರೀಡಿಂಗ್) 2 ಪಿಪಿಎಂ ಬಂದರೆ ಕ್ಯಾನಿನ ಬಲ 10 ಪ್ರತಿಶತ, 1 ಬಂದರೆ 5 ಪ್ರತಿಶತ. ಅಂದರೆ ಓದನ್ನು 5ರಿಂದ ಗುಣಿಸಿದರೆ ಪ್ರತಿಶತ ಸಿಗುತ್ತದೆ. ಬಣ್ಣ ಹೋಲಿಸಿ ನೋಡುವ ಕಿಟ್ಟಿನಲ್ಲಿ ಅರ್ಧ-ಒಂದು ಪ್ರತಿಶತದ ವ್ಯತ್ಯಾಸ ಗೊತ್ತಾಗುವುದಿಲ್ಲವಾದರೂ 12 ಮತ್ತು 6ರ ಅಂತರ ಯಾರ ಕಣ್ಣಿಗೂ ಕಾಣುತ್ತದೆ. ಹೊಸ ಕ್ಯಾನು ಬಂದ ದಿನ ಒಮ್ಮೆ, ಬಳಕೆಯಲ್ಲಿರುವಾಗ ವಾರಕ್ಕೊಮ್ಮೆ ಇದನ್ನು ಮಾಡಿ, ದಿನಾಂಕ ಮತ್ತು ಬಲವನ್ನು ಮಾರ್ಕರಿನಿಂದ ಕ್ಯಾನಿನ ಮೇಲೆಯೇ ಬರೆದುಬಿಟ್ಟರೆ ಆಪರೇಟರು ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ನೀರಿನ ಅಳತೆ, ಹೈಪೋವಿನ ಅಳತೆ

ಕೊಳದ ಉದ್ದ, ಅಗಲ, ಸರಾಸರಿ ಆಳಗಳನ್ನು ಮೀಟರಿನಲ್ಲಿ ಗುಣಿಸಿ 1000ದಿಂದ ಗುಣಿಸಿದರೆ ಲೀಟರುಗಳು ಸಿಗುತ್ತವೆ. ನಮ್ಮ ಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ, ಆಳ 0.9ರಿಂದ 1.5 ಮೀಟರಿಗೆ ಸಮನಾಗಿ ಇಳಿಯುವುದರಿಂದ ಸರಾಸರಿ 1.2, ಹೀಗೆ 1,08,000 ಲೀಟರು. ಮಕ್ಕಳ ಚಿಕ್ಕ ಕೊಳವೂ ಕೊಳದಿಂದ ಉಕ್ಕಿದ ನೀರು ಸೇರುವ ಬ್ಯಾಲೆನ್ಸಿಂಗ್ ಟ್ಯಾಂಕೂ ಅದೇ ಫಿಲ್ಟರಿಗೆ ಜೋಡಿಸಿದ್ದರೆ ಅವುಗಳ ನೀರನ್ನೂ ಸೇರಿಸಿಕೊಳ್ಳಬೇಕು.

ಪಿಪಿಎಂ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ. 10 ಪ್ರತಿಶತದ ಹೈಪೋವಿನ ಒಂದು ಲೀಟರಿನಲ್ಲಿ ಸುಮಾರು 100 ಗ್ರಾಂ ಕ್ಲೋರಿನ್ನಿನ ಬಲವಿರುತ್ತದೆ. ಇವೆರಡನ್ನು ಕೂಡಿಸಿದರೆ ನೆನಪಿಡಲು ಸುಲಭವಾದ ಒಂದು ಸೂತ್ರ ಬರುತ್ತದೆ: ಒಂದು ಲಕ್ಷ ಲೀಟರ್ ನೀರಿಗೆ 10 ಪ್ರತಿಶತದ ಹೈಪೋ ಒಂದು ಲೀಟರ್ ಹಾಕಿದರೆ ಕ್ಲೋರಿನ್ 1 ಪಿಪಿಎಂ ಏರುತ್ತದೆ. ನಮ್ಮ ಕೊಳದಲ್ಲಿ ಸಂಜೆಯ ಓದು 0.5 ಇದ್ದು ಅದನ್ನು 2.5ಕ್ಕೆ ಏರಿಸಬೇಕಾದರೆ ಬೇಕಾಗುವುದು 216 ಗ್ರಾಂ. ಕ್ಯಾನಿನ ಬಲ 10 ಇದ್ದರೆ ಅದು ಸುಮಾರು 2.2 ಲೀಟರ್, 7 ಇದ್ದರೆ 3.1 ಲೀಟರ್, 5ಕ್ಕೆ ಇಳಿದಿದ್ದರೆ 4.3 ಲೀಟರ್. ಈ ಕೋಷ್ಟಕವನ್ನು ನಾನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿಯೇ ಬರೆದು ಪಂಪ್ ರೂಮಿನ ಗೋಡೆಗೆ ಅಂಟಿಸಿದ ಮೇಲೆ ಮಗ್ಗು ತನ್ನ ಸ್ನಾನದ ಕೆಲಸಕ್ಕೆ ಮರಳಿತು, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಜಗ್ಗು ಅದರ ಜಾಗಕ್ಕೆ ಬಂತು.

ಎಷ್ಟಿರಬೇಕು ಎಂಬುದಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಮಾತು ಬಳಕೆಗೆ ಅನುಕೂಲವಾಗಿದೆ: ಸ್ವತಂತ್ರ ಕ್ಲೋರಿನ್ ಎಂದೂ 1 ಪಿಪಿಎಂಗಿಂತ ಕೆಳಗಿಳಿಯಬಾರದು, ನೀರಿನಲ್ಲಿ ಸಯನ್ಯೂರಿಕ್ ಆಮ್ಲವಿದ್ದರೆ 2ಕ್ಕಿಂತ ಕೆಳಗಿಳಿಯಬಾರದು. ಜನರು ಇಳಿಯುವ ಹೊತ್ತಿನಲ್ಲಿ ನಾವು 2ರಿಂದ 3ರ ನಡುವೆ ಇಡುತ್ತೇವೆ, 5 ದಾಟಿದ್ದರೆ ಯಾರನ್ನೂ ಇಳಿಸುವುದಿಲ್ಲ.

ಕಿಟ್ಟಿನ ಬಗ್ಗೆ ಒಂದು ಮಾತು. ಹನಿ ಹಾಕಿದರೆ ಹಳದಿಯಾಗುವ ಅಗ್ಗದ ಕಿಟ್ಟು ಒಟ್ಟು ಕ್ಲೋರಿನ್ನನ್ನು ತೋರಿಸುತ್ತದೆ, ಕೆಲಸ ಮಾಡಬಲ್ಲ ಸ್ವತಂತ್ರ ಕ್ಲೋರಿನ್ ಎಷ್ಟು, ಕೆಲಸ ಮುಗಿದು ಕೊಳೆಗೆ ಅಂಟಿಕೊಂಡದ್ದೆಷ್ಟು ಎಂದು ಬೇರ್ಪಡಿಸುವುದಿಲ್ಲ. ಗುಲಾಬಿ ಬಣ್ಣಕ್ಕೆ ತಿರುಗುವ ಡಿಪಿಡಿ ಕಿಟ್ಟು ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತದೆ, ಆದ್ದರಿಂದ ಅದಕ್ಕೆ ಹಣ ಹಾಕುವುದೇ ಸರಿ. ಆದರೆ ಕ್ಲೋರಿನ್ ತೀರಾ ಹೆಚ್ಚಾದಾಗ ಆ ಗುಲಾಬಿ ಬಣ್ಣವೇ ಬಿಳುಚಿ, ನೀರಿನಲ್ಲಿ ಕ್ಲೋರಿನ್ನೇ ಇಲ್ಲವೆಂಬಂತೆ ಕಾಣಿಸಬಹುದು. ನಿನ್ನೆ ರಾತ್ರಿ ಹಾಕಿಯೂ ಬೆಳಿಗ್ಗೆ ಸೊನ್ನೆ ಬಂದರೆ ಮತ್ತೆ ಸುರಿಯುವ ಮೊದಲು, ಮಾದರಿಯನ್ನು ಬಾಟಲಿಯ ನೀರಿನಿಂದ ಐದು ಪಟ್ಟು ತೆಳುವಾಗಿಸಿ ಇನ್ನೊಮ್ಮೆ ನೋಡಬೇಕು.

ಕ್ಲೋರಿನ್ನಿಗಿಂತ ಮೊದಲು ಪಿಎಚ್

ಹೈಪೋ ನೀರಿಗೆ ಬಿದ್ದಾಗ ಎರಡು ರೂಪಗಳಾಗಿ ಒಡೆಯುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ, ರೋಗಾಣುಗಳನ್ನು ಕೊಲ್ಲುವುದರಲ್ಲಿ ಚುರುಕಾದದ್ದು. ಇನ್ನೊಂದು ಹೈಪೋಕ್ಲೋರೈಟ್ ಅಯಾನು, ಬಹಳ ಮಂದವಾದದ್ದು. ಇವುಗಳ ಪಾಲನ್ನು ನಿರ್ಧರಿಸುವುದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ. ಪಿಎಚ್ 7.2 ಇದ್ದಾಗ ಸುಮಾರು ಮೂರರಲ್ಲಿ ಎರಡು ಪಾಲು ಚುರುಕಾದ ರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧದಷ್ಟು, 8ಕ್ಕೆ ಏರಿದರೆ ಕಾಲು ಪಾಲಷ್ಟೇ ಉಳಿಯುತ್ತದೆ. ಕಿಟ್ಟಿನಲ್ಲಿ ಕ್ಲೋರಿನ್ 2 ಎಂದು ತೋರಿಸುತ್ತಿದ್ದರೂ ನೀರು ಮಂಕಾಗಿರುವುದಕ್ಕೆ ಇದೇ ಕಾರಣವಾಗಿರಬಹುದು. ಆದ್ದರಿಂದ ಪಿಎಚ್‌ಅನ್ನು 7.2ರಿಂದ 7.6ರ ನಡುವೆ ಇಟ್ಟುಕೊಂಡು ಆಮೇಲೆ ಕ್ಲೋರಿನ್ನಿನ ಮಾತನಾಡಬೇಕು. ಇಳಿಸಲು ಬಳಸುವುದು ಹೈಡ್ರೋಕ್ಲೋರಿಕ್ ಆಮ್ಲ, ಪಂಪ್ ರೂಮಿನ ಮಾತಿನಲ್ಲಿ ಬರೀ ಆ್ಯಸಿಡ್. ನಾವು ಆ್ಯಸಿಡ್ಡನ್ನು ಬೆಳಗಿನ ಪಾಳಿ ಮುಗಿದ ಮೇಲೆ, ಹೈಪೋವನ್ನು ರಾತ್ರಿ ಹಾಕುತ್ತೇವೆ. ಒಂದಕ್ಕೊಂದು ಎದುರಾಗದಂತೆ ಇಡೀ ದಿನವನ್ನೇ ಅವುಗಳ ನಡುವೆ ಇಟ್ಟಿದ್ದೇವೆ.

ಸುರಿಯುವ ಕ್ರಮ

ರಾತ್ರಿ ಕೊಳ ಮುಚ್ಚಿ ಎಲ್ಲರೂ ಹೊರಬಂದ ಮೇಲೆ ಪಂಪನ್ನು ಚಾಲೂ ಮಾಡಿ, ಫಿಲ್ಟರಿನಿಂದ ನೀರು ಮರಳಿ ಬರುವ ಬಾಯಿಗಳಲ್ಲಿ ಹರಿವಿದೆಯೆಂದು ಕೈಯಿಟ್ಟು ಖಚಿತಪಡಿಸಿಕೊಳ್ಳಬೇಕು. ರಬ್ಬರಿನ ಉದ್ದ ಕೈಗವಸು, ಕಣ್ಣಿನ ಸುತ್ತ ಮುಚ್ಚುವ ಕನ್ನಡಕ, ಏಪ್ರನ್ ಮತ್ತು ಗಮ್‌ಬೂಟು ಹಾಕಿಕೊಳ್ಳದೆ ಕ್ಯಾನಿನ ಮುಚ್ಚಳಕ್ಕೆ ಕೈ ಹಚ್ಚಬಾರದು. ಹೈಪೋ ನಿಂತಲ್ಲಿಯೇ ಅನಿಲ ಬಿಡುವುದರಿಂದ ಉಬ್ಬಿದ ಕ್ಯಾನಿನ ಮುಚ್ಚಳವನ್ನು ಮುಖ ದೂರವಿಟ್ಟು ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಕ್ಯಾನಿನಿಂದ ತೆಗೆಯಲು ಕೈಯಿಂದ ಒತ್ತುವ ಪ್ಲಾಸ್ಟಿಕ್ ಸೈಫನ್ ಬಳಸಬೇಕು. ಪೈಪನ್ನು ಬಾಯಿಂದ ಎಳೆದು ಹರಿಸುವ ರೂಢಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದೊಂದನ್ನು ಮಾತ್ರ ಬೈದಾದರೂ ಬಿಡಿಸಬೇಕು.

ಅಳೆದ ಹೈಪೋವನ್ನು ಅರ್ಧಕ್ಕೂ ಹೆಚ್ಚು ಕೊಳದ ನೀರು ತುಂಬಿದ ಪ್ಲಾಸ್ಟಿಕ್ ಬಕೆಟ್ಟಿಗೆ ಸೇರಿಸಿ, ಆ ಬಕೆಟ್ಟನ್ನು ನೀರಿನ ಮಟ್ಟಕ್ಕೆ ಬಗ್ಗಿಸಿ, ಮರಳುವ ಬಾಯಿಗಳ ಮುಂದೆ ನಡೆಯುತ್ತ ನಿಧಾನವಾಗಿ ಬಿಡಬೇಕು. ಗಾಳಿ ಬೆನ್ನಿನ ಕಡೆಯಿಂದ ಬೀಸುವಂತೆ ನಿಂತರೆ ಮುಖಕ್ಕೆ ಸಿಡಿಯುವುದಿಲ್ಲ. ಸ್ಟೀಲಿನ ಏಣಿಯ ಹತ್ತಿರ ಮತ್ತು ನೀರು ಹೊರಹೋಗುವ ಸ್ಕಿಮ್ಮರಿನೊಳಗೆ ಸುರಿಯಬಾರದು. ರಾತ್ರಿಯೆಲ್ಲ ಅಥವಾ ಕನಿಷ್ಠ ಕೊಳದ ನೀರು ಒಂದು ಸಲ ಪೂರ್ತಿ ಫಿಲ್ಟರಿನಿಂದ ಹಾದುಬರುವಷ್ಟು ಹೊತ್ತು ಪಂಪು ಓಡಬೇಕು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಆಳದ ತುದಿಯಲ್ಲಿ ಮತ್ತು ಮಕ್ಕಳ ಕೊಳದಲ್ಲಿ, ಮೊಣಕೈ ಮುಳುಗುವಷ್ಟು ಕೆಳಗಿನಿಂದ ನೀರು ತೆಗೆದು ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆಯಬೇಕು.

ರಾತ್ರಿಯೇ ಏಕೆಂದರೆ, ತೆರೆದ ಕೊಳದಲ್ಲಿ ಸಯನ್ಯೂರಿಕ್ ಆಮ್ಲವಿಲ್ಲದಿದ್ದರೆ ಸುಡುಬಿಸಿಲು ಒಂದು ತಾಸಿನೊಳಗೇ ಕ್ಲೋರಿನ್ನಿನ ಅರ್ಧವನ್ನು ತಿಂದುಬಿಡುತ್ತದೆ. ಸ್ಟೆಬಿಲೈಸರ್ ಎಂಬ ಹೆಸರಿನಲ್ಲಿ ಸಿಗುವ ಈ ಆಮ್ಲವನ್ನು ಒಮ್ಮೆ 30 ಪಿಪಿಎಂನಷ್ಟು ಹಾಕಿಕೊಂಡರೆ ಹಗಲಿಡೀ ಕ್ಲೋರಿನ್ ಉಳಿಯುತ್ತದೆ, 50ರ ಮೇಲೆ ಹೋಗುವ ಅಗತ್ಯವಿಲ್ಲ. ನಮ್ಮ ಕೊಳಕ್ಕೆ ಅದು ಮೂರೂಕಾಲು ಕಿಲೋ ಆಯಿತು. ಟಿಸಿಸಿಎ ಬಗ್ಗೆ ಮೊದಲು ದೂರಿ ಈಗ ಅದರೊಳಗಿನ ಆಮ್ಲವನ್ನೇ ಕೊಂಡುಕೊಳ್ಳಲು ಹೇಳುತ್ತಿದ್ದೇನಲ್ಲ ಎಂದು ಓದುಗರು ಕೇಳಬಹುದು. ಉಪ್ಪಿಲ್ಲದ ಸಾರೂ ಬೇಡ, ದಿನಾ ಹಿಡಿ ಉಪ್ಪು ಸುರಿಯುವುದೂ ಬೇಡ, ಅಷ್ಟೇ ವಿಷಯ. ಒಳಾಂಗಣದ ಕೊಳಕ್ಕೆ ಇದು ಬೇಕಾಗಿಯೇ ಇಲ್ಲ.

ವಾಸನೆ ಬಂದಾಗ

ಕೊಳದ ಹತ್ತಿರ ಕ್ಲೋರಿನ್ನಿನ ಘಾಟು ಬಂದರೆ, ಮಕ್ಕಳ ಕಣ್ಣು ಕೆಂಪಾದರೆ, ಕ್ಲೋರಿನ್ ಹೆಚ್ಚಾಗಿದೆ, ನಾಲ್ಕು ದಿನ ಹಾಕಬೇಡಿ ಎಂದು ಸದಸ್ಯರು ಫೋನು ಮಾಡುತ್ತಾರೆ. ಆ ಘಾಟು ಸಾಮಾನ್ಯವಾಗಿ ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಕೂಡಿ ಆದ ಕ್ಲೋರಮಿನ್ನಿನದು; ಅಂದರೆ ಕೊಳೆ ಹೆಚ್ಚಾಗಿ ಕ್ಲೋರಿನ್ ಸಾಲದಾಗಿದೆ. ಒಟ್ಟು ಕ್ಲೋರಿನ್ನಿನಿಂದ ಸ್ವತಂತ್ರ ಕ್ಲೋರಿನ್ನನ್ನು ಕಳೆದಾಗ ಉಳಿಯುವುದು ಈ ಅಂಟಿಕೊಂಡ ಕ್ಲೋರಿನ್, ಅದು 0.4 ದಾಟಿದರೆ ಅದರ ಹತ್ತು ಪಟ್ಟು ಕ್ಲೋರಿನ್ನನ್ನು ಒಂದೇ ರಾತ್ರಿ ಹಾಕಿ ಸುಟ್ಟುಬಿಡಬೇಕು. ನಮ್ಮ ಕೊಳದಲ್ಲಿ ಅದು 0.8 ಇದ್ದ ದಿನ 10 ಪ್ರತಿಶತದ ಹೈಪೋ ಎಂಟೂವರೆ ಲೀಟರಿನಷ್ಟು ಬೇಕಾಯಿತು. ಸ್ವಲ್ಪಸ್ವಲ್ಪವಾಗಿ ಹಾಕಿದರೆ ಘಾಟು ಹೋಗುವ ಬದಲು ಹೆಚ್ಚುವುದೂ ಉಂಟು. ರಂಗಪಂಚಮಿಯ ದಿನ ಬಣ್ಣ ಹಚ್ಚಿಕೊಂಡವರು, ತಲೆಗೆ ಎಣ್ಣೆ ಹಚ್ಚಿಕೊಂಡವರು ಶವರ್ ತೆಗೆದುಕೊಳ್ಳದೆ ನೀರಿಗೆ ಹಾರಿದ ಮಾರನೆಯ ದಿನ ಓದು ಸೊನ್ನೆಗೆ ಬಂದು ನಿಂತಿರುತ್ತದೆ. ಆ ಒಂದು ದಿನ ಕೊಳಕ್ಕೆ ಬೀಗ ಹಾಕುವುದು ಹೈಪೋ ಸುರಿಯುವುದಕ್ಕಿಂತ ಅಗ್ಗ.

ಕೊಳದಲ್ಲಿ ಮಗುವಿಗೆ ಭೇದಿಯಾದರೆ ವಿಷಯ ಗಂಭೀರವಾಗುತ್ತದೆ. ಇ. ಕೋಲೈಯಂಥ ಬ್ಯಾಕ್ಟೀರಿಯಾ 1 ಪಿಪಿಎಂನಲ್ಲಿ ನಿಮಿಷದೊಳಗೆ ಸಾಯುತ್ತದೆ, ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಅಷ್ಟೇ ಕ್ಲೋರಿನ್ನಿನಲ್ಲಿ ಹತ್ತು ದಿನಕ್ಕೂ ಹೆಚ್ಚು ಬದುಕಬಲ್ಲದು. ಎಲ್ಲರನ್ನೂ ಹೊರಗೆ ಕಳುಹಿಸಿ, ಆದಷ್ಟನ್ನು ಬಲೆಯಿಂದ ತೆಗೆದು, ಪಿಎಚ್ 7.5ಕ್ಕಿಂತ ಏರದಂತೆ ನೋಡಿಕೊಂಡು, ಕ್ಲೋರಿನ್ನನ್ನು 20 ಪಿಪಿಎಂಗೆ ಏರಿಸಿ 12 ತಾಸು 45 ನಿಮಿಷ ಅಲ್ಲಿಯೇ ನಿಲ್ಲಿಸಬೇಕೆಂಬುದು ಸಿಡಿಸಿಯ ಸೂಚನೆ. ನಮ್ಮ ಕೊಳಕ್ಕೆ ಅದು 10 ಪ್ರತಿಶತದ ಹೈಪೋ ಸುಮಾರು 22 ಲೀಟರ್. ಈ ಲೆಕ್ಕ ಸ್ಟೆಬಿಲೈಸರ್ ಇಲ್ಲದ ನೀರಿಗೆ ಮಾತ್ರ. ಸ್ಟೆಬಿಲೈಸರ್ 15 ಪಿಪಿಎಂ ದಾಟಿದ್ದರೆ ಮೊದಲು ಸ್ವಲ್ಪ ನೀರನ್ನು ಬದಲಿಸಿ ಅದನ್ನು ಇಳಿಸಿಕೊಳ್ಳಬೇಕು, ಇಳಿಸಿದ ಮೇಲೂ ಹೆಚ್ಚು ಹೊತ್ತು ಕಾಯಬೇಕು. ಗಟ್ಟಿಯಾದ ಮಲವಾದರೆ, ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ, 2 ಪಿಪಿಎಂನಲ್ಲಿ 25 ನಿಮಿಷ ಸಾಕು.

ಪಂಪ್ ರೂಮಿನ ಅಪಾಯಗಳು

ಹೈಪೋವಿಗೆ ಆ್ಯಸಿಡ್ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ಮೇಲೇರಿ ಹಾರಿಹೋಗದೆ ನೆಲದ ಮೇಲೆ ಹರಡಿ ತಗ್ಗಿಗೆ ಇಳಿಯುತ್ತದೆ, ಮತ್ತು ನಮ್ಮ ಪಂಪ್ ರೂಮುಗಳು ಬಹುತೇಕ ನೆಲಮಟ್ಟಕ್ಕಿಂತ ಕೆಳಗೇ ಇರುತ್ತವೆ. ಒಂದೇ ಮಗ್ಗಿನಿಂದ ಎರಡನ್ನೂ ಅಳೆಯುವುದು, ಖಾಲಿಯಾದ ಆ್ಯಸಿಡ್ ಕ್ಯಾನಿಗೆ ಹೈಪೋ ತುಂಬುವುದು, ಒಂದರ ಮೇಲೊಂದು ಇಡುವುದು, ಇವೇ ಅಪಘಾತದ ದಾರಿಗಳು. ನೀರು ತಿಳಿಯಾಗಲೆಂದು ಹಾಕುವ ಪಟಿಕ, ಇಲ್ಲಿಯವರು ತುರಟಿ ಎನ್ನುವುದು, ಅದರ ದ್ರಾವಣವೂ ಆಮ್ಲೀಯವೇ ಆದ್ದರಿಂದ ಅದಕ್ಕೂ ಇದೇ ನಿಯಮ. ಟಿಸಿಸಿಎ ಅಥವಾ ಬ್ಲೀಚಿಂಗ್ ಪೌಡರ್ ತುಂಬಿದ್ದ ಡಬ್ಬಕ್ಕೂ ಹೈಪೋ ಹಾಕಬಾರದು. ಅಳತೆಯ ಜಗ್ಗುಗಳಿಗೆ ನಾವು ಎರಡು ಬಣ್ಣ ಕೊಟ್ಟಿದ್ದೇವೆ, ಹೈಪೋವಿಗೆ ನೀಲಿ, ಆ್ಯಸಿಡ್ಡಿಗೆ ಕೆಂಪು. ಕ್ಯಾನುಗಳು ಕೋಣೆಯ ಎದುರುಬದುರು ಗೋಡೆಗಳಿಗೆ, ಬೇರೆ ಬೇರೆ ಟ್ರೇಗಳಲ್ಲಿ, ನೆಲದ ಮೇಲೆಯೇ ಇರುತ್ತವೆ.

ರಾಸಾಯನಿಕವನ್ನು ಅಳತೆಯಂತೆ ತಾನಾಗಿ ಪೈಪಿಗೆ ಬಿಡುವ ಡೋಸಿಂಗ್ ಪಂಪು ಇರುವ ಸೊಸೈಟಿಗಳಲ್ಲಿ ಇನ್ನೊಂದು ಅಪಾಯ ಅಡಗಿದೆ. ಮುಖ್ಯ ಪಂಪು ನಿಂತರೂ ಹೈಪೋ ಮತ್ತು ಆ್ಯಸಿಡ್ಡಿನ ಡೋಸಿಂಗ್ ಪಂಪುಗಳು ಓಡುತ್ತಲೇ ಇದ್ದರೆ ಎರಡೂ ನಿಂತ ಪೈಪಿನಲ್ಲಿ ಒಂದನ್ನೊಂದು ಕೂಡುತ್ತವೆ, ಪಂಪು ಮತ್ತೆ ಶುರುವಾದ ಕ್ಷಣ ಅನಿಲದ ಗುಳ್ಳೆ ಈಜುತ್ತಿರುವವರ ನಡುವೆ ಏಳುತ್ತದೆ. ಮುಖ್ಯ ಪಂಪು ನಿಂತೊಡನೆ ಡೋಸಿಂಗ್ ತಾನಾಗಿ ನಿಲ್ಲುವಂತೆ ವಿದ್ಯುತ್ ಜೋಡಣೆ ಇದೆಯೇ ಎಂದು ಇಂದೇ ಎಲೆಕ್ಟ್ರಿಷಿಯನ್ನನಿಂದ ನೋಡಿಸಿ.

ಘಾಟು ಎದ್ದರೆ ಚೆಲ್ಲಿದ್ದನ್ನು ಒರೆಸಲು ನಿಲ್ಲದೆ ಹೊರಗೆ, ಎತ್ತರದ ಕಡೆಗೆ, ಗಾಳಿ ಬರುವ ದಿಕ್ಕಿಗೆ ನಡೆಯಬೇಕು. ಬಟ್ಟೆಯ ಮಾಸ್ಕು ಇದಕ್ಕೆ ಏನೂ ತಡೆಯಲ್ಲ. ಕಣ್ಣಿಗೆ ಸಿಡಿದರೆ ನಲ್ಲಿಯ ಕೆಳಗೆ ಕಣ್ಣು ತೆರೆದು ಹದಿನೈದರಿಂದ ಇಪ್ಪತ್ತು ನಿಮಿಷ ತೊಳೆಯುತ್ತಲೇ ಇರಬೇಕು, ಆಮೇಲೆ ಆಸ್ಪತ್ರೆ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಬಾರದು, 108ಕ್ಕೆ ಕರೆ ಮಾಡಬೇಕು.

ಕ್ಯಾನುಗಳನ್ನು ಎರಡು-ಮೂರು ವಾರಕ್ಕೆ ಸಾಕಾಗುವಷ್ಟು ಮಾತ್ರ ತರಿಸಿ ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಡಿ. ಹೆಚ್ಚು ಕೊಂಡರೆ ದರ ಕಡಿಮೆ ಮಾಡುತ್ತೇನೆಂದು ಪೂರೈಕೆದಾರರು ಹೇಳುವುದು ಸಹಜ, ಆದರೆ ಹಾಗೆ ಉಳಿಸಿದ ಹಣ ಬಿಸಿಲಿನಲ್ಲಿ ಆವಿಯಾಗುತ್ತದೆ. ಖಾಲಿ ಕ್ಯಾನುಗಳನ್ನು ಮೂರು ಸಲ ತೊಳೆದು ಪೂರೈಕೆದಾರರಿಗೇ ಮರಳಿಸಬೇಕು, ನೀರು ತುಂಬಿಡಲು ಯಾರಿಗೂ ಕೊಡಬಾರದು.

ಕೊನೆಗೆ, ಬ್ಯಾಕ್‌ವಾಶ್ ನೀರು, ಅಂದರೆ ಫಿಲ್ಟರನ್ನು ಹಿಮ್ಮುಖವಾಗಿ ತೊಳೆದಾಗ ಹೊರಬರುವ ನೀರು. ಕ್ಲೋರಿನ್ ಏರಿಸಿದ ಮಾರನೆಯ ದಿನದ ಬ್ಯಾಕ್‌ವಾಶನ್ನು ನೇರವಾಗಿ ಸೊಸೈಟಿಯ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ) ಬಿಟ್ಟರೆ ಅಲ್ಲಿ ಕೊಳಚೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ, ತೋಟಕ್ಕೆ ಬಿಟ್ಟರೆ ಎಲೆಗಳು ಸುಡುತ್ತವೆ. ಬ್ಯಾಕ್‌ವಾಶನ್ನು ಒಂದೆರಡು ದಿನ ಮುಂದೂಡಿ, ಓದು 3ಕ್ಕಿಂತ ಕೆಳಗಿಳಿದ ಮೇಲೆ ಮಾಡಿ. ಆ ನೀರನ್ನು ತೆರೆದ ತೊಟ್ಟಿಯಲ್ಲಿ ಬಿಸಿಲಿಗೆ ನಿಲ್ಲಿಸಿ, ಕಿಟ್ಟಿನಲ್ಲಿ ಬಣ್ಣ ಬರದಾದಾಗ ಗಿಡಗಳಿಗೆ ಹರಿಸಬಹುದು.